ಸ್ಟಾಕ್‌ಫಿಶ್ ನೆಟ್ ಫೈಲುಗಳು: ಹೆಸರು ಮಾತ್ರ ಬದಲಿಸಬೇಡಿ

ಸಾಗರದಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಸಂಜೆ ಅವರು ಆಡಿದ ಆಟಗಳನ್ನು ರಾತ್ರಿ ಕೂತು ಸ್ಟಾಕ್‌ಫಿಶ್ ಎಂಬ ಚೆಸ್ ಆಡುವ ಪ್ರೋಗ್ರಾಮಿಗೆ ಹಾಕಿ ನೋಡುವುದು ನನ್ನ ಅಭ್ಯಾಸ. 2020ರ ಸೆಪ್ಟೆಂಬರಿನಲ್ಲಿ ಬಂದ 12ನೇ ಆವೃತ್ತಿಯಿಂದ ಈ ಎಂಜಿನ್‌ಗೆ ನ್ಯೂರಲ್ ನೆಟ್ ಸೇರಿಕೊಂಡಿದೆ. ಯಾರಿಗೆ ಎಷ್ಟು ಮೇಲುಗೈ ಎಂದು ಅಂದಾಜು ಹೇಳುವುದು ಅದರ ಕೆಲಸ, ಅದು ಕಲಿತದ್ದೆಲ್ಲ ಇರುವುದು ಒಂದು ಫೈಲಿನಲ್ಲಿ. ಮೂಲತಃ ಇದು ಜಪಾನಿನ ಯು ನಾಸು 2018ರಲ್ಲಿ ಶೋಗಿ ಎಂಬ ಜಪಾನಿ ಚೆಸ್‌ಗೆಂದು ರೂಪಿಸಿದ ವಿಧಾನ. ಒಂದು ನಡೆ ಆದಾಗ ಬದಲಾದಷ್ಟನ್ನೇ ಮತ್ತೆ ಲೆಕ್ಕ ಹಾಕುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವುದು ಅದಕ್ಕೇ.

ಹೋದ ವರ್ಷ ಪರೀಕ್ಷೆಯ ಹಂತದಲ್ಲಿದ್ದ ಎರಡು ನೆಟ್ ಇಳಿಸಿಕೊಂಡೆ. ಅಂಕಿ ಅಕ್ಷರ ಕಲಸಿದ ಆ ಹೆಸರುಗಳು ಬಾಯಿಗೇ ಬರಲಿಲ್ಲ. ‘ಹೊಸದು’, ‘ಹೊಸದು-2’ ಎಂದು ಬದಲಿಸಿ, ಒಂದರ ಎದುರು ಇನ್ನೊಂದನ್ನು 200 ಆಟ ಆಡಿಸಿದೆ. ಎರಡನೆಯದು 11 ಗೆಲುವು ಹೆಚ್ಚು ತಂದಿತು. ಒಂದು ತಿಂಗಳು ಅದನ್ನೇ ನಂಬಿ ಮಕ್ಕಳ ಆಟ ತಿದ್ದಿದೆ. ಆಮೇಲೊಂದು ದಿನ ಎರಡರ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ) ತೆಗೆದು ನೋಡಿದರೆ, ಎರಡೂ ಒಂದೇ! ಒಂದೇ ಫೈಲನ್ನು ಎರಡು ಸಲ ಇಳಿಸಿಕೊಂಡಿದ್ದೆ. ಆ 11 ಗೆಲುವು ಬರೀ ಅದೃಷ್ಟ.

ಸ್ಟಾಕ್‌ಫಿಶ್‌ನವರ ಹೆಸರಿಡುವ ಕ್ರಮ ಎಷ್ಟು ಗಟ್ಟಿ ಎಂದು ಅರ್ಥವಾದದ್ದು ಅಂದು. ಫೈಲಿನ ಶಾ-256 ಹ್ಯಾಶ್‌ನ ಮೊದಲ 12 ಅಕ್ಷರಗಳೇ ಅದರ ಹೆಸರು. ಒಳಗೆ ಒಂದು ಬಿಟ್ ಬದಲಾದರೂ ಹೆಸರು ಬೇರೆಯಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡಿನಿಂದ ಯಾರು ಬೇಕಾದರೂ ತಾಳೆ ನೋಡಬಹುದು. 17 ಮತ್ತು 17.1ನೇ ಆವೃತ್ತಿಗಳನ್ನೇ ನೋಡಿ. ಇವುಗಳಲ್ಲಿ ಒಂದರ ಬದಲು ಎರಡು ನೆಟ್, ಚಿಕ್ಕದೊಂದು, ದೊಡ್ಡದೊಂದು: ಎರಡು ಆವೃತ್ತಿಯಲ್ಲೂ ಚಿಕ್ಕ ನೆಟ್ 37ಎಫ್18ಎಫ್62ಡಿ772. ದೊಡ್ಡದು ಮಾತ್ರ 1111ಸಿಇಎಫ್‌ಎ1111 ಹೋಗಿ 1ಸಿ0000000000 ಆಗಿದೆ. ಯಾವುದು ಹಾಗೇ ಉಳಿಯಿತು, ಯಾವುದು ಬದಲಾಯಿತು ಎಂಬುದು ಫೈಲು ತೆರೆಯದೆಯೇ ತಿಳಿಯಿತಲ್ಲ!

ಅಷ್ಟೊಂದು ಸೊನ್ನೆ ತಾನಾಗಿ ಬರುವುದಿಲ್ಲ, ಹುಡುಕಿ ಹುಡುಕಿ ತಂದದ್ದು. 16.1ರ ದೊಡ್ಡ ನೆಟ್‌ನ ಹೆಸರಿನಲ್ಲಿ 1 ಅನ್ನು ಎಲ್, 5 ಅನ್ನು ಎಸ್, 7 ಅನ್ನು ಟಿ ಎಂದು ಓದಿದರೆ ‘ಬ್ಲಾಸ್ಟೆಡ್ ಬೀಸ್ಟ್’ ಆಗುತ್ತದೆ. ನನ್ನ ಹುಡುಗರಿಗೆ ಇದನ್ನು ತೋರಿಸಿದಾಗ ಅರ್ಧ ಗಂಟೆ ಕ್ಲಾಸೇ ನಡೆಯಲಿಲ್ಲ. ಹೆಸರಿನ ಅಂದಕ್ಕೂ ನೆಟ್‌ನ ಬಲಕ್ಕೂ ಸಂಬಂಧವಿಲ್ಲ ಅನ್ನುವುದು ನೆನಪಿರಲಿ.

ನನ್ನ ತಕರಾರು ಒಂದೇ. ಯಾವುದು ಹಳೆಯದು, ಯಾವುದು ಯಾವ ಆವೃತ್ತಿಗೆ ಹೊಂದುತ್ತದೆ ಎಂಬುದನ್ನು ಈ ಹೆಸರು ಹೇಳುವುದಿಲ್ಲ. 12ರ ನೆಟ್ ಅನ್ನು 17ಕ್ಕೆ ಕೊಟ್ಟರೆ ಎಂಜಿನ್ ತಪ್ಪು ತೋರಿಸಿ ನಿಂತುಬಿಡುತ್ತದೆ. ಲೀಲಾ ಎಂಬ ಇನ್ನೊಂದು ಎಂಜಿನ್‌ನವರ ‘ಬಿಟಿ4-1024x15x32ಎಚ್’ನಂಥ ಹೆಸರಿನಲ್ಲಿ ಜಾಲದ ಅಳತೆಯಾದರೂ ಸಿಗುತ್ತದೆ. ಮಕ್ಕಳ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಹೆಸರು ಮಾಯಾ ನೆಟ್‌ಗಳದು. ಲಿಚೆಸ್ ಎಂಬ ಚೆಸ್ ತಾಣದಲ್ಲಿ ಮನುಷ್ಯರು ಆಡಿದ ಆಟಗಳಿಂದ ಕಲಿತವು ಅವು. ಮಾಯಾ-1100 ಎಂದರೆ ಆ ರೇಟಿಂಗ್‌ನವರ ಹಾಗೆ ಆಡುವುದು, 1900ರವರೆಗೆ ಒಂಬತ್ತು ಇವೆ. ಮಗುವಿಗೆ ಯಾವುದನ್ನು ಎದುರಾಳಿ ಮಾಡಬೇಕೆಂದು ಹೆಸರೇ ಹೇಳುತ್ತದೆ.

ಇನ್ನು ಹೋಲಿಕೆಯ ವಿಷಯ. ಮನೆಯಲ್ಲಿ 1000 ಆಟ ಆಡಿಸಿದರೂ ಹತ್ತು ಹದಿನೈದು ಎಲೊ (ಆಟದ ಬಲ ಅಳೆಯುವ ರೇಟಿಂಗ್ ಅಂಕ) ಆಚೀಚೆ ಆಗಿಯೇ ಆಗುತ್ತದೆ. ಹೊಸ ನೆಟ್‌ಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಅದಕ್ಕಿಂತ ಕಡಿಮೆ. ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ಸ್ಟಾಕ್‌ಫಿಶ್‌ನವರ ಪರೀಕ್ಷಾ ವ್ಯವಸ್ಥೆ ಫಿಶ್‌ಟೆಸ್ಟ್ ಸಾವಿರಾರು ಆಟ ಆಡಿಸಿ ತೀರ್ಮಾನಿಸುವುದನ್ನು ನಾನು ಎರಡು ರಾತ್ರಿಯಲ್ಲಿ ಮಾಡಲಾರೆ. ಅದನ್ನು ಅವರಿಗೇ ಬಿಟ್ಟಿದ್ದೇನೆ. ಈಗ ಫೈಲಿನ ಹೆಸರು ಮುಟ್ಟುವುದಿಲ್ಲ; ಪಕ್ಕದ ನೋಟ್‌ಬುಕ್ಕಿನಲ್ಲಿ ಆ 12 ಅಕ್ಷರ, ಇಳಿಸಿಕೊಂಡ ತಾರೀಕು, ಹೊಂದುವ ಆವೃತ್ತಿ ಬರೆದಿಡುತ್ತೇನೆ. ಹೆಸರಿಡುವ ಕ್ರಮಕ್ಕೆ ಐದರಲ್ಲಿ ನಾಲ್ಕು. ಕಳೆದ ಒಂದು ಅಂಕ ಆ ತಾರೀಕಿನದು.