ವಾಲ್ವ್ ಮೇಲಿನ ಹೆಸರು ನೋಡಿ ದುಡ್ಡು ಕೊಡಬೇಡಿ

ದಾವಣಗೆರೆಯಲ್ಲಿ ಗಿಟಾರ್ ಆಂಪ್‌ಗೆ ಹಳೇ ರೇಡಿಯೋ ವಾಲ್ವ್ (ಸೌಂಡ್ ದೊಡ್ಡದು ಮಾಡುವ ಗಾಜಿನ ಕೊಳವೆ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು 10,000 ರೂಪಾಯಿ ಕಳೆದುಕೊಂಡಿದ್ದೇನೆ.

ನನಗೆ ಇಎಲ್84 ಅನ್ನುವ ಮಾದರಿಯ ನಾಲ್ಕು ವಾಲ್ವ್ ಬೇಕಿತ್ತು. ಹಳೇ ಸಾಮಾನು ಮಾರುವವರೊಬ್ಬರು ರದ್ದಿ ಪೇಪರ್ ಬಿಚ್ಚಿ ನಾಲ್ಕನ್ನೂ ಮುಂದಿಟ್ಟರು. ಗಾಜಿನ ಮೇಲೆ ಬಿಳಿ ಅಕ್ಷರದಲ್ಲಿ ‘ಮಲ್ಲಾರ್ಡ್’, ಇಂಗ್ಲೆಂಡಿನ ಹಳೇ ವಾಲ್ವ್ ಕಂಪನಿಯ ಹೆಸರು. “ಇಂಗ್ಲೆಂಡ್ ಮಾಲು ಸರ್, ಒಂದಕ್ಕೆ ಎರಡೂವರೆ ಸಾವಿರ” ಅಂದರು. ಚಿಕ್ಕ ಟ್ರಾನ್ಸ್‌ಫಾರ್ಮರ್‌ನಿಂದ 6.3 ವೋಲ್ಟ್ ಕೊಟ್ಟು ಉರಿಸಿಯೂ ತೋರಿಸಿದರು. ಒಳಗೆ ಕೆಂಪಗೆ ಬೆಳಕು ಕಂಡಿದ್ದೇ ತಡ, ದುಡ್ಡು ಎಣಿಸಿಕೊಟ್ಟೆ.

ಮನೆಗೆ ಬಂದು ಹಾಕಿದರೆ ಸೌಂಡ್‌ಗೆ ಜೀವವೇ ಇಲ್ಲ. ಹತ್ತು ನಿಮಿಷಕ್ಕೆ ಒಂದು ವಾಲ್ವಿನ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಡದ ಹಾಗೆ ಕೆಂಪಾಯಿತು. ತಕ್ಷಣ ಸ್ವಿಚ್ ಆರಿಸಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟು ಹೋಗುತ್ತಿತ್ತೇನೋ.

ತಣ್ಣಗಾದ ಮೇಲೆ ಗಾಜಿನ ಮೇಲೆ ಬಾಯಿಂದ ಹಬೆ ಊದಿದೆ. ಮಂಜು ಕವಿದ ಗಾಜಿನಲ್ಲಿ, ಬಿಳಿ ಅಕ್ಷರದ ಪಕ್ಕ, ಅಳಿಸಿ ಹಾಕಿದ ಇನ್ನೊಂದು ಹೆಸರು ತೆಳ್ಳಗೆ ಎದ್ದು ಬಂತು: ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ನಮ್ಮ ಬೆಂಗಳೂರಿನ ಜಾಲಹಳ್ಳಿಯದು! 1961ರಿಂದ ಅಲ್ಲಿ ರೇಡಿಯೋ ವಾಲ್ವ್ ಮಾಡುತ್ತಿದ್ದರು. ನನಗೆ ಜಾಸ್ತಿ ಬೇಜಾರಾಗಿದ್ದು ಇದಕ್ಕೇ. ಬಿಇಎಲ್ ಕೆಟ್ಟ ವಾಲ್ವ್ ಅಲ್ಲ. ಹಾಗಂತಲೇ ಹೇಳಿ ಕೊಟ್ಟಿದ್ದರೆ ನ್ಯಾಯವಾದ ಬೆಲೆಗೆ ಖುಷಿಯಿಂದ ತೆಗೆದುಕೊಳ್ಳುತ್ತಿದ್ದೆ. ಒಳ್ಳೆ ಹೆಸರನ್ನು ಅಳಿಸಿ ಮೇಲೆ ಸುಳ್ಳು ಬರೆದರಲ್ಲ!

ಪರಿಚಯದ ಮೆಕ್ಯಾನಿಕ್ ಒಬ್ಬರ ವಾಲ್ವ್ ಟೆಸ್ಟರಿನಲ್ಲಿ ನೋಡಿಸಿದೆ. 250 ವೋಲ್ಟ್‌ನಲ್ಲಿ ಹೊಸ ಇಎಲ್84 ಸುಮಾರು 48 ಮಿಲಿಆಂಪ್ ಎಳೆಯಬೇಕು. ನನ್ನವುಗಳಲ್ಲಿ ಎರಡು 20 ದಾಟಲಿಲ್ಲ. ಬೆಳಕು ಬಂದರೆ ಫಿಲಮೆಂಟ್ (ಒಳಗೆ ಕಾಯುವ ತಂತಿ) ತುಂಡಾಗಿಲ್ಲ ಅಂತ ಅರ್ಥ, ಅಷ್ಟೇ. ವಾಲ್ವ್ ಸವೆದಿದೆಯೋ ಇಲ್ಲವೋ ಅದರಿಂದ ಗೊತ್ತಾಗಲ್ಲ.

ಯಾರಾದರೂ ಮಲ್ಲಾರ್ಡ್ ಅಂತ ಹೇಳಿದರೆ ಮೊದಲು ಗಾಜಿನ ಕೆಳಗೆ, ಪಿನ್ ಹತ್ತಿರ ನೋಡಿ. ಗಾಜಿನಲ್ಲೇ ಕೊರೆದ ಹಾಗೆ ಬೂದು ಬಣ್ಣದ ಪುಟ್ಟ ಕೋಡ್ ಎರಡು ಸಾಲಿನಲ್ಲಿ ಇರುತ್ತದೆ. ಮಲ್ಲಾರ್ಡ್‌ನವರ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದಾದರೆ ಎರಡನೇ ಸಾಲು ‘ಬಿ’ಯಿಂದ ಶುರು. ಮೇಲಿನ ಅಕ್ಷರ ಬೆರಳಿಗೆ ಅಳಿಸುತ್ತದೆ ಅನ್ನುವುದು ನಕಲಿ ಅನ್ನುವುದಕ್ಕೆ ಸಾಕ್ಷಿಯಲ್ಲ, ಅಸಲಿಯದೂ ಅಳಿಸುತ್ತದೆ. ತಲೆಯ ಮೇಲಿನ ಕನ್ನಡಿಯಂಥ ಬೆಳ್ಳಿ ಲೇಪ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ಮುಟ್ಟಲೇಬೇಡಿ. ಟೆಸ್ಟರಿನಲ್ಲಿ ನೋಡಿಸಿ ಕೊಡ್ತೀನಿ ಅಂದರೆ ಮಾತ್ರ ಬೆಲೆ ಮಾತಾಡಿ.

ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನಾಲ್ಕೂ ನನ್ನ ಹತ್ತಿರವೇ ಇವೆ. ನೀವು ಕೊಳ್ಳುವ ಮುಂಚೆ ಪಕ್ಕದಲ್ಲಿಟ್ಟು ಹೋಲಿಸಬೇಕಾದರೆ ಹೇಳಿ, ತಂದು ತೋರಿಸುತ್ತೇನೆ.