‘ಮೂರೂ ಕಡೆ ಒಂದೇ ಥರ ಓಡುತ್ತದೆ’ ಅಂದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಡೆಸ್ಕ್‌ಟಾಪ್ ಆ್ಯಪ್ ಬರೆಯಲು ದುಡ್ಡು ಕೊಟ್ಟು ಕ್ರಾಸ್ ಪ್ಲಾಟ್‌ಫಾರ್ಮ್ ಟೂಲ್‌ಕಿಟ್ (ಒಮ್ಮೆ ಬರೆದ ಆ್ಯಪ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವಂತೆ ಮಾಡುವ ಸಲಕರಣೆ) ತಗೊಳ್ಳುವ ಯೋಚನೆಯಲ್ಲಿ ಇದ್ದೀರಾ? ಸ್ವಲ್ಪ ತಡೆಯಿರಿ. ನಮಗೆ ಆಗಿದ್ದು ನಿಮಗೆ ಆಗಬಾರದು. ಕಂಪನಿಯ ಹೆಸರು ಹೇಳುವುದಿಲ್ಲ. ಆದರೆ ಇದೇ ಮಾತು ಹೇಳಿ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಯಂತ್ರಗಳ ರೀಡಿಂಗ್ ತೋರಿಸುವ ಆ್ಯಪ್. ಒಂದು ಮುಖ್ಯ ವಿಂಡೋ, ಸುತ್ತ ಚಿಕ್ಕ ಚಿಕ್ಕ ಗ್ರಾಫ್ ವಿಂಡೋಗಳು. ಮುಚ್ಚಿದರೆ ಟ್ರೇಗೆ (ಸ್ಕ್ರೀನಿನ ಅಂಚಿನಲ್ಲಿ ಚಿಕ್ಕ ಐಕಾನ್‌ಗಳು ಇರುವ ಜಾಗ) ಹೋಗಿ ಕೂರಬೇಕು, ಹಿಂದೆ ಕೆಲಸ ನಡೀತಾ ಇರಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಬೇಕು. ಕೊಳ್ಳುವ ಮುಂಚೆ ಇದನ್ನೆಲ್ಲ ಮೇಲ್‌ನಲ್ಲಿ ಬರೆದು ಕೇಳಿದ್ದೆ. ಟ್ರೇ ಬೇಕು ಅಂತ ಬರೆದಿದ್ದೆ. ವಿಂಡೋ ಇಟ್ಟ ಜಾಗ ನೆನಪಿರಬೇಕು ಅಂತಲೂ ಬರೆದಿದ್ದೆ. ಬಂದ ಉತ್ತರ: ‘ಮೂರೂ ಕಡೆ ಒಂದೇ ಥರ ಕೆಲಸ ಮಾಡುತ್ತದೆ, ನೀವು ಏನೂ ಬದಲಿಸಬೇಕಿಲ್ಲ.’ ಆ ಮೇಲ್ ಇನ್ನೂ ನನ್ನ ಹತ್ತಿರ ಇದೆ.

ವಿಂಡೋಸ್‌ನಲ್ಲಿ ಬರೆದೆವು. ಚೆನ್ನಾಗಿತ್ತು. ಲಿನಕ್ಸ್‌ನಲ್ಲೂ ಬಿಲ್ಡ್ ಆಯಿತು, ನಮ್ಮ ಉಬುಂಟುವಿನಲ್ಲಿ ಟ್ರೇ ಐಕಾನೂ ಬಂತು. ಗ್ರಾಹಕರ ಹತ್ತಿರ ಇದ್ದದ್ದು ಫೆಡೋರಾ, ಲಿನಕ್ಸ್‌ನದೇ ಇನ್ನೊಂದು ಬಗೆ. ಅವರ ಎದುರಿಗೇ ಡೆಮೊ. ಅವರ ಎಂಜಿನಿಯರ್ ವಿಂಡೋ ಮುಚ್ಚಿದರು. ಆ್ಯಪ್ ಮಾಯ. ಟ್ರೇನಲ್ಲಿ ಐಕಾನ್ ಇಲ್ಲ. ಟ್ರೇನೇ ಇಲ್ಲ! ಮತ್ತೆ ತೆರೆಯಲು ಹೋದರೆ ‘ಆ್ಯಪ್ ಈಗಾಗಲೇ ಓಡುತ್ತಿದೆ’ ಅನ್ನುವ ನಮ್ಮದೇ ಮೆಸೇಜು. ಓಡುತ್ತಿದೆ, ಆದರೆ ಹೊರಗೆ ತರುವ ದಾರಿಯೇ ಇಲ್ಲ. ಟರ್ಮಿನಲ್ ತೆರೆದು ಕಿಲ್ ಮಾಡಬೇಕಾಯಿತು, ಅಷ್ಟು ಜನರ ಮುಂದೆ. ಅವರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ಅವಮಾನ ಅನ್ನಿಸಿತು.

ಕಾರಣ ಹುಡುಕಿದರೆ, ಗ್ನೋಮ್ (ಉಬುಂಟು, ಫೆಡೋರಾ ಎರಡರಲ್ಲೂ ಕಾಣುವ ಡೆಸ್ಕ್‌ಟಾಪ್) ತನ್ನ ಹಳೇ ಟ್ರೇಯನ್ನು 3.26ನೇ ಆವೃತ್ತಿಯಲ್ಲೇ ತೆಗೆದುಹಾಕಿದೆ. ಅದು 2017ರ ಮಾತು. ಉಬುಂಟು ಒಂದು ಎಕ್ಸ್‌ಟೆನ್ಶನ್ ಜೊತೆಗೇ ಕೊಡುವುದರಿಂದ ಅಲ್ಲಿ ಕಾಣುತ್ತದೆ. ಫೆಡೋರಾದಲ್ಲಿ ನಾವೇ ಹಾಕಿಕೊಳ್ಳಬೇಕು. ಸರಿ, ಅದು ಗ್ನೋಮ್‌ನವರ ತೀರ್ಮಾನ. ನನ್ನ ಸಿಟ್ಟು ಅವರ ಮೇಲಲ್ಲ. ಈ ಟೂಲ್‌ಕಿಟ್‌ನಲ್ಲಿ ‘ಟ್ರೇ ಇದೆಯಾ’ ಅಂತ ಕೇಳುವ ಫಂಕ್ಷನ್ ಇದೆ. ನಾವು ಅದನ್ನು ಕೇಳಿಯೇ ಮುಂದೆ ಹೋಗುತ್ತಿದ್ದೆವು. ಟ್ರೇ ಇಲ್ಲದ ಕಡೆಯೂ ಅದು ‘ಇದೆ’ ಅನ್ನುತ್ತಿತ್ತು. ಸುಳ್ಳು ಹೇಳುವ ಫಂಕ್ಷನ್ ಇಟ್ಟುಕೊಂಡು ಏನು ಮಾಡುವುದು?

ಅದೇ ದಿನ ಇನ್ನೊಂದು. ಗ್ರಾಫ್ ವಿಂಡೋಗಳನ್ನು ಅವರು ಜೋಡಿಸಿಟ್ಟರು, ಮತ್ತೆ ತೆರೆದಾಗ ಎಲ್ಲ ಚೆಲ್ಲಾಪಿಲ್ಲಿ. ವೇಲ್ಯಾಂಡ್‌ನಲ್ಲಿ (ಲಿನಕ್ಸ್‌ನಲ್ಲಿ ಆ್ಯಪ್‌ಗಳ ವಿಂಡೋಗಳನ್ನು ಸ್ಕ್ರೀನಿಗೆ ತರುವ ಹೊಸ ವ್ಯವಸ್ಥೆ) ಸ್ಕ್ರೀನಿನ ಮೇಲೆ ವಿಂಡೋ ಎಲ್ಲಿರಬೇಕು ಅಂತ ಆ್ಯಪ್ ಹೇಳುವಂತಿಲ್ಲ. ಎಲ್ಲಿದೆ ಅಂತ ಅದಕ್ಕೆ ತಿಳಿಯುವುದೂ ಇಲ್ಲ. ಅದನ್ನು ಕಂಪೋಸಿಟರ್ (ಎಲ್ಲ ವಿಂಡೋಗಳನ್ನು ಸೇರಿಸಿ ಸ್ಕ್ರೀನಿಗೆ ಹಾಕುವ ಪ್ರೋಗ್ರಾಂ) ನೋಡಿಕೊಳ್ಳುತ್ತದೆ, ಬೇಕೆಂದೇ ಹಾಗೆ ಮಾಡಿದ್ದಾರೆ. ಫೆಡೋರಾದಲ್ಲಿ 2016ರಿಂದ ವೇಲ್ಯಾಂಡೇ ಡೀಫಾಲ್ಟ್, ಉಬುಂಟುವಿನಲ್ಲಿ 21.04ರಿಂದ. ಅಂದರೆ ಮೂಲೆಯಲ್ಲಿ ಯಾರೋ ಬಳಸುವ ವಿಷಯ ಅಲ್ಲ ಇದು. ಆದರೂ ಇವರ ಫಂಕ್ಷನ್ ಎರರ್ ಕೊಡುವುದಿಲ್ಲ, ವಾರ್ನಿಂಗ್ ಕೊಡುವುದಿಲ್ಲ. ಜಾಗ ಕೇಳಿದರೆ 0,0 ಅನ್ನುತ್ತದೆ. ನಾವು ಆ 0,0 ಅನ್ನೇ ನಿಷ್ಠೆಯಿಂದ ಸೇವ್ ಮಾಡುತ್ತಿದ್ದೆವು.

ಸಪೋರ್ಟ್‌ಗೆ ಟಿಕೆಟ್ ಹಾಕಿದೆ. ಉತ್ತರ: ‘ಇದು ಗೊತ್ತಿರುವ ಸಮಸ್ಯೆ. ಪ್ಲಾಟ್‌ಫಾರ್ಮ್‌ನ ಮಿತಿ.’ ಟಿಕೆಟ್ ಕ್ಲೋಸ್.

ಮತ್ತೆ ತೆರೆದು ದಾರಿ ಏನು ಅಂತ ಕೇಳಿದೆ. ‘ಆ್ಯಪನ್ನು ಎಕ್ಸ್‌ವೇಲ್ಯಾಂಡ್ ಮೂಲಕ ಓಡಿಸಿ.’ ಹಳೇ ವ್ಯವಸ್ಥೆಗೆ ಬರೆದ ಆ್ಯಪನ್ನು ವೇಲ್ಯಾಂಡ್‌ನಲ್ಲಿ ಓಡಿಸುವ ಏರ್ಪಾಡು ಅದು. ಓಡಿಸಿದೆವು. ವಿಂಡೋ ಜಾಗ ಸರಿಯಾಯಿತು. ಆದರೆ 150% ಸ್ಕೇಲ್ (ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) ಇಟ್ಟ ಅವರ ಸ್ಕ್ರೀನಿನಲ್ಲಿ ಅಕ್ಷರ ಎಲ್ಲ ಮಸುಕು ಮಸುಕು. ಅದನ್ನೂ ಬರೆದೆ. ಬಂದ ಉತ್ತರ ಓದಿ ಕೈ ನಡುಗಿತು: ‘ಅದು ಕೂಡ ಗೊತ್ತಿರುವ ಸಮಸ್ಯೆ.’ ಜೊತೆಗೆ ಒಂದು ಪುಟದ ಲಿಂಕ್. ಡಾಕ್ಯುಮೆಂಟೇಶನ್‌ನಲ್ಲಿ ಆಳದಲ್ಲೆಲ್ಲೋ ಇರುವ ಪುಟ. ಅದರಲ್ಲಿ ಎಲ್ಲ ಇದೆ! ಟ್ರೇ ಇದೆ. ವಿಂಡೋ ಜಾಗ ಇದೆ. ಮಸುಕು ಅಕ್ಷರ ಇದೆ. ಪ್ರತಿಯೊಂದರ ಮುಂದೆ ಯಾವ ವರ್ಶನ್‌ನಿಂದ ಅಂತ ಬರೆದಿದೆ. ಎಲ್ಲವೂ ನಾವು ಕೊಂಡ ವರ್ಶನ್‌ಗಿಂತ ಹಳೆಯವು. ಅಂದರೆ ನಾನು ಆ ಮೇಲ್ ಬರೆದು ಕೇಳಿದ ದಿನವೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ‘ಒಂದೇ ಥರ’ ಅಂದರು. ಬಗ್ ಇರುವುದಕ್ಕೆ ನನಗೆ ಸಿಟ್ಟಿಲ್ಲ, ಬಗ್ ಇಲ್ಲದ ಟೂಲ್‌ಕಿಟ್ ಎಲ್ಲಿದೆ? ಗೊತ್ತಿದ್ದೂ ಮುಚ್ಚಿಟ್ಟರಲ್ಲ, ಅದಕ್ಕೆ ಸಿಟ್ಟು.

ಮಾರಾಟದವರಿಗೆ ಅವರದೇ ಮೇಲ್ ತೋರಿಸಿ ಕೇಳಿದೆ. ‘ಮೂರೂ ಕಡೆ ಬಿಲ್ಡ್ ಆಗುತ್ತಿದೆಯಲ್ಲ ಸರ್, ನಾವು ಹೇಳಿದ್ದು ಅದನ್ನೇ’ ಅಂದರು. ಹೀಗೂ ಹೇಳಬಹುದಾ?

ಆ ಪಟ್ಟಿ ಓದುತ್ತಾ ಹೋದರೆ ಲಿನಕ್ಸ್ ಮಾತ್ರ ಅಲ್ಲ. ವಿಂಡೋಸ್‌ನಲ್ಲಿ ಟೈಟಲ್ ಬಾರ್ ಹಿಡಿದು ಎಳೆಯುವಷ್ಟು ಹೊತ್ತು ಗ್ರಾಫ್ ನಿಂತುಬಿಡುತ್ತದೆ. ಮೌಸ್ ಬಿಡುವವರೆಗೆ ವಿಂಡೋಸ್ ತನ್ನದೇ ಮೆಸೇಜ್ ಲೂಪ್ (ಮೌಸ್, ಕೀಬೋರ್ಡ್, ಟೈಮರ್ ಸುದ್ದಿಗಳನ್ನು ಒಂದೊಂದಾಗಿ ಆ್ಯಪ್‌ಗೆ ಮುಟ್ಟಿಸುವ ಸುತ್ತು) ಓಡಿಸುತ್ತದೆ, ಇವರ ಲೂಪ್ ಕಾಯುತ್ತಾ ಕೂರುತ್ತದೆ. ಮ್ಯಾಕ್‌ನಲ್ಲಿ ಮೆನು ತೆರೆದರೆ ಟೈಮರ್ ನಿಲ್ಲುತ್ತದೆ, ಅದೂ ರನ್ ಲೂಪ್ ಮೋಡ್ ವಿಷಯ (ಮ್ಯಾಕ್‌ನ ಇಂಥದ್ದೇ ಲೂಪ್, ಮೆನು ತೆರೆದಾಗ ಬೇರೆ ಮೋಡ್‌ಗೆ ಹೋಗುತ್ತದೆ). ಎರಡಕ್ಕೂ ಪರಿಹಾರ ಇದೆ, ಬೇರೆಯವರು ಮಾಡಿದ್ದಾರೆ. ಇವರು ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದಾರೆ. ವಿಂಡೋಸ್ 10ರಲ್ಲಿ 2017ರಲ್ಲೇ ಬಂದ ಪರ್ ಮಾನಿಟರ್ ಡಿಪಿಐ (ಒಂದೊಂದು ಮಾನಿಟರ್‌ಗೂ ಅದರದೇ ಸ್ಕೇಲ್‌ಗೆ ಆ್ಯಪ್ ಹೊಂದಿಕೊಳ್ಳುವುದು) ಎರಡನೇ ಆವೃತ್ತಿಗೂ ಇವರಲ್ಲಿ ಸಪೋರ್ಟ್ ಇಲ್ಲ. ಅದೂ ‘ಗೊತ್ತಿರುವ ಸಮಸ್ಯೆ’.

ದುಡ್ಡು ಕಟ್ಟುವ ಮುಂಚೆ ಆ ಪಟ್ಟಿಯ ಪುಟ ಕೊಡಿ ಅಂತ ನೇರವಾಗಿ ಕೇಳಿ. ಕೊಡಲು ತಡಮಾಡಿದರೆ ಅಲ್ಲಿಗೇ ಬಿಡಿ. ನಿಮಗೆ ಬೇಕಾದ್ದನ್ನು ಒಂದೊಂದಾಗಿ ಬರೆದು, ವೇಲ್ಯಾಂಡ್‌ನಲ್ಲಿ ಹೇಗೆ, ಗ್ನೋಮ್‌ನಲ್ಲಿ ಹೇಗೆ ಅಂತ ಬೇರೆ ಬೇರೆ ಉತ್ತರ ತಗೊಳ್ಳಿ. ‘ಲಿನಕ್ಸ್ ಸಪೋರ್ಟ್ ಇದೆ’ ಅನ್ನುವುದು ಉತ್ತರವೇ ಅಲ್ಲ. ಟ್ರಯಲ್ ಅವಧಿಯಲ್ಲೇ ಬೇರೆ ಬೇರೆ ಸ್ಕೇಲ್ ಇರುವ ಎರಡು ಮಾನಿಟರ್ ಜೋಡಿಸಿ ನೋಡಿ. ಫಂಕ್ಷನ್ ‘ಆಯಿತು’ ಅಂದರೆ ನಂಬಬೇಡಿ, ಸ್ಕ್ರೀನ್ ನೋಡಿ.

ರಿಫಂಡ್ ಕೇಳಿದ್ದಕ್ಕೆ, ಪಟ್ಟಿ ಎಲ್ಲರಿಗೂ ತೆರೆದೇ ಇತ್ತು, ಆದ್ದರಿಂದ ಕೊಡಲು ಬರುವುದಿಲ್ಲ ಅಂತ ಬರೆದಿದ್ದಾರೆ. ಲೈಸೆನ್ಸ್ ರಿನ್ಯೂ ಮಾಡಿ ಅಂತ ಮಾತ್ರ ಮೇಲ್ ಬರುತ್ತಲೇ ಇದೆ. ನಾವು ಮಾಡುವುದಿಲ್ಲ. ಗ್ರಾಫ್ ವಿಂಡೋಗಳನ್ನು ಮುಖ್ಯ ವಿಂಡೋ ಒಳಗೇ ಇಟ್ಟು, ಟ್ರೇ ಬಿಟ್ಟು, ಬೇರೆ ಟೂಲ್‌ಕಿಟ್‌ನಲ್ಲಿ ಮೊದಲಿಂದ ಬರೆಯುತ್ತಿದ್ದೇವೆ.