ಕೀಮೋ ದಿನಗಳಿಗೆ ಮನೆ ಸೈಕಲ್: ಯಾವುದು ತಕ್ಕದ್ದು, ಯಾವುದು ದಂಡ

ಅಂಗಡಿಯಲ್ಲಿ ಕೈಗೆಟುಕುವ ಬೆಲೆಯದು ಕೇಳಿದರೆ ಮೊದಲು ತೋರಿಸುವುದು ಏರ್ ಬೈಕ್. ಮುಂದೆ ಫ್ಯಾನಿನಂಥ ಚಕ್ರ, ಕಾಲಿನ ಜೊತೆಗೆ ಕೈಯೂ ಆಡುವ ಹಿಡಿ, ‘ಇಡೀ ಮೈಗೆ ವ್ಯಾಯಾಮ’ ಎಂಬ ಮಾತು. ತೂಕ ಇಳಿಸುವವರು ಧಾರಾಳವಾಗಿ ಕೊಳ್ಳಲಿ. ಡಾಕ್ಸೊರುಬಿಸಿನ್, ಅಂದರೆ ಕ್ಯಾನ್ಸರಿಗೆ ಕೊಡುವ ಆ ಕೆಂಪು ಕೀಮೋ ಔಷಧಿ, ಹಾಕಿಸಿಕೊಳ್ಳುತ್ತಿರುವವರಿಗೆ ಇದು ಬೇಡ. ತೋಳಿನಲ್ಲಿ ಪಿಕ್ ಲೈನ್ (ಔಷಧಿ ಹರಿಸಲು ರಕ್ತನಾಳದೊಳಗೆ ಬಿಟ್ಟ ತೆಳು ನಳಿಕೆ) ಇದ್ದರೆ ಹಿಂದೆಮುಂದೆ ಎಳೆಯುವ ಹಿಡಿಯಿಂದ ನಳಿಕೆ ಜರುಗುವ ಭಯ. ಅದಕ್ಕಿಂತ ದೊಡ್ಡ ತಕರಾರು ಭಾರದ್ದು, ಅಂದರೆ ಪೆಡಲ್ ತುಳಿಯುವಾಗ ಕಾಲಿಗೆ ಸಿಗುವ ಬಿಗಿಯದ್ದು. ಜೋರಾಗಿ ತುಳಿದಷ್ಟೂ ಗಾಳಿಯ ತಡೆ ಸರ್ರನೆ ಏರುತ್ತದೆ. ಪಟ್ಟಿ ಉಜ್ಜಿ ಬಿಗಿ ಕೊಡುವ ಅಗ್ಗದ ಮಾದರಿಗಳಲ್ಲಿ ಪಟ್ಟಿ ಸವೆಯುತ್ತ ಹೋಗುತ್ತದೆ. ಹೋದ ತಿಂಗಳ ಬಿಗಿಯೇ ಬೇರೆ, ಈ ತಿಂಗಳದೇ ಬೇರೆ.

ಭಾರ ಒಂದೇ ಸಮನಾಗಿರಲಿ ಎಂದು ಇಷ್ಟು ಹಟ ಯಾಕೆಂದರೆ, ಈ ಔಷಧಿ ಹೃದಯದ ಸ್ನಾಯುಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳನ್ನು ಕೆಡಿಸುತ್ತದೆ, ಆ ಹಾನಿ ಒಟ್ಟು ಡೋಸಿನ ಜೊತೆ ಕೂಡುತ್ತ ಹೋಗುತ್ತದೆ. ಮೈಯ ಒಂದು ಚದರ ಮೀಟರಿಗೆ 60 ಮಿಲಿಗ್ರಾಂನಂತೆ ನಾಲ್ಕು ಸಲ ಹಾಕಿದರೆ ಒಟ್ಟು ಡೋಸು 240 ಆಯಿತು. ಹೃದಯ ಸೋತಿದ್ದರೂ ಕುಳಿತಲ್ಲಿ ಏನೂ ಗೊತ್ತಾಗದೆ ಇರಬಹುದು. ತುಳಿಯುವಾಗ ಗುಟ್ಟು ಬಯಲಾಗುತ್ತದೆ. ಹೋದ ವಾರ 110 ಇದ್ದ ನಾಡಿ ಅದೇ ಭಾರಕ್ಕೆ ಈ ವಾರ 130 ಆದರೆ ರಕ್ತಹೀನತೆಯೋ, ನೀರು ಸಾಲದ್ದೋ, ಹೃದಯವೋ ಎಂದು ಡಾಕ್ಟರು ನೋಡಬೇಕು. ಭಾರವೇ ತಾನಾಗಿ ಬದಲಾಗಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಹಾಗಾಗಿ ನಮ್ಮ ಆಯ್ಕೆ ಬೆನ್ನೊರಗು ಇರುವ ಮ್ಯಾಗ್ನೆಟಿಕ್ ಸೈಕಲ್, ಅಂದರೆ ರಿಕಂಬೆಂಟ್. ಅಯಸ್ಕಾಂತ ಚಕ್ರಕ್ಕೆ ತಾಗುವುದೇ ಇಲ್ಲ, ಸವೆತದ ಮಾತಿಲ್ಲ, ಸದ್ದೂ ಕಡಿಮೆ. ಕಾಲೆತ್ತಿ ದಾಟದೆ ಕುರ್ಚಿಯ ಮೇಲೆ ಕೂತಂತೆ ಕೂರಬಹುದು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿಯಿಂದ ಪಾದ ಜೋಮು ಹಿಡಿದವರಿಗೆ ಟ್ರೆಡ್‌ಮಿಲ್ ಬಲು ಅಪಾಯ, ಓಡುವ ಪಟ್ಟಿಯ ಮೇಲೆ ಹೆಜ್ಜೆ ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ; ಇಲ್ಲಿ ಪೆಡಲಿನ ಪಟ್ಟಿ ಪಾದವನ್ನು ಹಿಡಿದಿಡುತ್ತದೆ. ಸೀಟು ಹೊಂದಿಸುವಾಗ ಪೆಡಲ್ ಅತಿ ದೂರ ಇದ್ದಾಗಲೂ ಮಂಡಿ ಸುಮಾರು 30 ಡಿಗ್ರಿ ಬಾಗಿರಲಿ. ಪೂರ್ತಿ ಚಾಚಿದರೆ ಸೊಂಟ ಅತ್ತಿತ್ತ ಉರುಳಿ ನೋವು ಬರುತ್ತದೆ. ದೋಷವೂ ಇದೆ: ಒಬ್ಬರು ಮಲಗುವಷ್ಟು ಜಾಗ ತಿನ್ನುತ್ತದೆ, ಬೆಲೆಯೂ ಜಾಸ್ತಿ.

ಹಿಡಿಯ ಮೇಲಿನ ನಾಡಿ ಸೆನ್ಸರನ್ನು ನಂಬಬೇಡಿ. ಅಂಗೈ ಒಣಗಿದ್ದರೆ, ಸುಲಿದಿದ್ದರೆ, ಹಿಡಿತ ಸಡಿಲಾದರೆ ಬಾಯಿಗೆ ಬಂದ ಅಂಕಿ ತೋರಿಸುತ್ತದೆ. ಎದೆಗೆ ಕಟ್ಟುವ ಪಟ್ಟಿ ಬೇರೆ ಕೊಳ್ಳಿ. ಪೋರ್ಟ್ (ಔಷಧಿ ಹಾಕಲು ಎದೆಯ ಚರ್ಮದಡಿ ಕೂರಿಸುವ ಪುಟ್ಟ ಸಾಧನ) ಅಥವಾ ಆಪರೇಷನ್ ಗಾಯಕ್ಕೆ ಅದು ಒತ್ತುವಂತಿದ್ದರೆ ತೋಳಿಗೆ ಕಟ್ಟುವುದು. ಕ್ಯಾಲೊರಿ ಅಂಕಿಯನ್ನಂತೂ ಮರೆತುಬಿಡಿ.

ಮೇಜಿನಡಿ ಇಡುವ ಪುಟ್ಟ ಪೆಡಲ್ ಟೈಲ್ಸ್ ಮೇಲೆ ಜಾರುತ್ತದೆ, ಭಾರವೂ ಸಾಲದು. ತೀರಾ ಸುಸ್ತಿನ ದಿನಗಳಿಗೆ ಸರಿ, ಅಷ್ಟೇ.

ಆಂಕಾಲಜಿಸ್ಟ್ ಒಪ್ಪಿದ ಮೇಲೆ ವಾರಕ್ಕೆ ಮೂರು ದಿನ: 5 ನಿಮಿಷ ಹಗುರ, 20ರಿಂದ 30 ನಿಮಿಷ ಮಧ್ಯಮ, ಮತ್ತೆ 5 ನಿಮಿಷ ಹಗುರ. ನಾಡಿಯ ಗರಿಷ್ಠ ಮಿತಿ ತಿಳಿಯಲು ಹೇಳುವ ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಸೂತ್ರ ಇಲ್ಲಿ ಕೈಕೊಡುತ್ತದೆ: ರಕ್ತಹೀನತೆ ನಾಡಿಯನ್ನು ಏರಿಸುತ್ತದೆ, ಬೀಟಾ ಬ್ಲಾಕರ್ ಮಾತ್ರೆ ಇಳಿಸುತ್ತದೆ. ಎಷ್ಟು ಶ್ರಮ ಅನಿಸಿತೆಂದು ನಾವೇ ಅಂಕ ಕೊಡುವ 6ರಿಂದ 20ರ ಬೋರ್ಗ್ ಅಳತೆಯಲ್ಲಿ 12–13 ಸಾಕು; ಮಾತಾಡಲು ಆಗಬೇಕು, ಹಾಡಲು ಆಗಬಾರದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಸೈಕಲ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಹಿಮೋಗ್ಲೋಬಿನ್ 8ಕ್ಕಿಂತ, ಪ್ಲೇಟ್‌ಲೆಟ್ 20,000ಕ್ಕಿಂತ ಇಳಿದರೆ ಡಾಕ್ಟರನ್ನು ಕೇಳದೆ ಹತ್ತಬೇಡಿ. ಎದೆನೋವು, ತಲೆಸುತ್ತು, ಕಾಲು ಊತ, ಎರಡು ಮೂರು ದಿನದಲ್ಲೇ 2 ಕಿಲೋ ತೂಕ ಏರಿದ್ದು, ಇವು ನಾಳೆಗೆ ಮುಂದೂಡುವ ಮಾತಲ್ಲ.

ಇಷ್ಟು ತುಳಿದರೆ ಹೃದಯಕ್ಕೆ ಕವಚ ತೊಡಿಸಿದಂತೆಯೇ? ಇಲಿಗಳಲ್ಲಿ ಫಲ ಚೆನ್ನಾಗಿದೆ, ಮನುಷ್ಯರಲ್ಲಿ ಅಷ್ಟು ಖಚಿತವಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ತನ ಕ್ಯಾನ್ಸರಿನ 104 ಮಹಿಳೆಯರ ಮೇಲೆ ನಡೆದ ಬ್ರೆಕ್ಸಿಟ್ ಪ್ರಯೋಗ (ಹೆಸರು ಹಾಗಿದೆ, ಬ್ರಿಟನ್ನಿಗೂ ಇದಕ್ಕೂ ಸಂಬಂಧವಿಲ್ಲ) 2023ರಲ್ಲಿ ಪ್ರಕಟವಾಯಿತು. ಒಂದು ವರ್ಷ ವ್ಯಾಯಾಮ ಮಾಡಿದವರ ದಮ್ಮು, ಶ್ರಮದ ಹೊತ್ತಿಗೆ ಹೃದಯ ರಕ್ತ ತಳ್ಳುವ ಶಕ್ತಿ ಉಳಿದವರಿಗಿಂತ ಮೇಲಿತ್ತು. ವಿಶ್ರಾಂತಿಯಲ್ಲಿ ಅಳೆದ ಇಎಫ್‌ನಲ್ಲಿ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸೈಕಲ್ ಬಂತೆಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ತಪ್ಪಿಸಬಾರದು. ಎಕೋಗೆ ಹೋಗುವಾಗ ತುಳಿದ ಲೆಕ್ಕದ ಪುಸ್ತಕವೂ ಜೊತೆಗಿರಲಿ, ಒಂದು ದಿನಕ್ಕೆ ಒಂದೇ ಸಾಲು ಸಾಕು: ಭಾರದ ಹಂತ 3, ನಿಮಿಷಕ್ಕೆ 50 ಸುತ್ತು, 20 ನಿಮಿಷ, ನಾಡಿ 112, ಬೋರ್ಗ್ 13.